ನಾನು ಸಮಾವೇಶಕ್ಕೆ ಹೋದದ್ದು

ಸಭೆಯೆಂದರೆ ನನಗೆ ಮೊದಲಿನಿಂದಲೂ ಅಳುಕು. ಮದುವೆಯ ಮನೆಯಾದರೆ ಊಟಕ್ಕೆ ಹೋಗುತ್ತೇವೆ. ಹರಿಕಥೆಯಾದರೆ ಪುಣ್ಯಕ್ಕೆ ಹೋಗುತ್ತೇವೆ. ಸಭೆಗೆ ಏತಕ್ಕೆ ಹೋಗುತ್ತೇವೆಂಬುದು ಮನೆಗೆ ಹಿಂದಿರುಗಿ ಬಂದಮೇಲೂ ಎಷ್ಟೋ ಸಲ ತಿಳಿಯುವುದಿಲ್ಲ. ಆದುದರಿಂದ ಬೆಂಗಳೂರಿನಲ್ಲಿರುವ ನನ್ನ ಮಗಳು ಫೋನು ಮಾಡಿ, "ಅಪ್ಪ, ಬರುವ ಶನಿವಾರ ಮೈಸೂರಿನಲ್ಲೇ ಸಣ್ಣ ಉದ್ಯಮದಾರರ ಸಮಾವೇಶ ಇದೆ. ನಿಮ್ಮ ಹೆಸರು ಬರೆಸಿದ್ದೀನಿ. ಹೋಗಿಬನ್ನಿ" ಎಂದಾಗ, "ನಾನೆಲ್ಲಿಯ ಉದ್ಯಮದಾರನಮ್ಮಾ?" ಎಂದು ನಕ್ಕುಬಿಟ್ಟೆ.

ನಕ್ಕದ್ದಕ್ಕೆ ಕಾರಣವಿದೆ. ನನ್ನದು ರಟ್ಟಿನ ಡಬ್ಬದ ಕಸುಬು. ಮಿಠಾಯಿ ಅಂಗಡಿಯಲ್ಲಿ ನೀವು ಅರ್ಧ ಕಿಲೋ ಮೈಸೂರುಪಾಕು ಕೊಂಡರೆ ಒಂದು ಡಬ್ಬದಲ್ಲಿ ಜೋಡಿಸಿ, ದಾರ ಕಟ್ಟಿ ಕೊಡುತ್ತಾರಲ್ಲ, ಆ ಡಬ್ಬ. ಪ್ರೆಸ್ಸಿನಿಂದ ಅಚ್ಚಾಗಿ ಬಂದ ರಟ್ಟನ್ನು ನಮ್ಮ ಪಂಚಿಂಗ್ ಯಂತ್ರದಲ್ಲಿ ಕತ್ತರಿಸಿ, ಮಡಿಕೆಯ ಗೆರೆ ಒತ್ತಿ, ಮೂಲೆಗಳಿಗೆ ಅಂಟು ಹಚ್ಚಿ ಕೊಡುವುದು ನಮ್ಮ ಕೆಲಸ. ಈ ಲೋಕದಲ್ಲಿ ಎಸೆಯುವುದಕ್ಕೆಂದೇ ಕೊಳ್ಳುವ ಪದಾರ್ಥವೊಂದಿದ್ದರೆ ಅದು ನನ್ನದು. ಮಿಠಾಯಿ ಮುಗಿದಮೇಲೆ ಡಬ್ಬವನ್ನು ನೆನೆಸಿಕೊಂಡವರನ್ನು ನಾನು ಕಾಣೆ. ಮನೆಯ ಹಿಂದಿನ ಶೀಟಿನ ಮಾಡಿನ ಕೆಳಗೆ ನಡೆಯುವ ಇಂಥ ಕಸುಬಿಗೆ 'ಉದ್ಯಮ' ಎಂಬ ಹೆಸರು ಹೊಂದುತ್ತದೆಯೆ? ನನ್ನ ಹೆಂಡತಿ ಇದನ್ನು ಇಂದಿಗೂ 'ಆ ರಟ್ಟಿನ ಕೆಲಸ' ಎಂದೇ ಕರೆಯುತ್ತಾಳೆ.

ಆದರೂ ಹೊರಟೆ. ಹೊರಡುವುದಕ್ಕೆ ನಿಜವಾದ ಕಾರಣ ಮಗಳ ಒತ್ತಾಯವಲ್ಲ. ಎರಡು ಲಕ್ಷದ ಹದಿನೆಂಟು ಸಾವಿರ ರೂಪಾಯಿ. ಹಲವು ಶಾಖೆಗಳಿರುವ ಒಂದು ದೊಡ್ಡ ಮಿಠಾಯಿ ಅಂಗಡಿಗೆ ಕಳೆದ ದೀಪಾವಳಿಗೆ ನಾನು ಮೂವತ್ತು ಸಾವಿರಕ್ಕೂ ಮೀರಿ ಡಬ್ಬ ಒದಗಿಸಿದ್ದೆ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯ ಬೇವುಬೆಲ್ಲವೂ ಆಯಿತು. ಮುಂಗಾರು ಮಳೆ ಹಿಡಿಯಿತು. ನನ್ನ ಹಣ ಬರಲಿಲ್ಲ. ಹೋದಾಗಲೆಲ್ಲ ಅಲ್ಲಿಯ ಗುಮಾಸ್ತರು ನನ್ನನ್ನು ಬಹು ಮರ್ಯಾದೆಯಿಂದ ಕೂಡಿಸಿ ಕಾಫಿ ತರಿಸುತ್ತಿದ್ದರು. ಶುಕ್ರವಾರ ಹೋದರೆ, "ಲಕ್ಷ್ಮಿಯ ದಿನ, ದುಡ್ಡು ಆಚೆ ಕೊಡಬಾರದಲ್ಲ" ಎನ್ನುವರು. ಗುರುವಾರ ಹೋದರೆ, "ಸಾಹುಕಾರರು ಊರಿನಲ್ಲಿಲ್ಲ." ಅಮಾವಾಸ್ಯೆಯಂತೂ ಬಾಯಿ ತೆರೆಯುವ ಹಾಗೆಯೇ ಇಲ್ಲ. ಕೊನೆಗೆ ಯಾವಾಗಲೂ ಒಂದೇ ಮಾತು: "ಸೋಮವಾರ ನೋಡೋಣ." ವರ್ಷದಲ್ಲಿ ಐವತ್ತೆರಡು ಸೋಮವಾರಗಳಿವೆಯೆಂಬುದು ಲೆಕ್ಕದ ಪುಸ್ತಕದಲ್ಲಿ ಓದಿದ್ದೆ, ಅವುಗಳಲ್ಲಿ ಒಂದಾದರೂ ನನ್ನ ಪಾಲಿನದಲ್ಲವೆಂಬುದು ಆಮೇಲೆ ತಿಳಿಯಿತು. ಗಟ್ಟಿಯಾಗಿ ಕೇಳೋಣವೆಂದರೆ ಮುಂದಿನ ಹಬ್ಬದ ಆರ್ಡರು ಕೈತಪ್ಪೀತೆಂಬ ಭಯ. ನನ್ನ ವ್ಯಾಪಾರದ ಮುಕ್ಕಾಲು ಪಾಲು ಆ ಒಂದು ಅಂಗಡಿಯದೇ ಆಗಿತ್ತು.

ಶನಿವಾರ ಬೆಳಗ್ಗೆ ಇಸ್ತ್ರಿಯ ಶರ್ಟು ತೊಟ್ಟು ಗೇಟು ದಾಟುವಾಗ ದೊಡ್ಡಮ್ಮ ಎದುರಾದರು. ನಮ್ಮ ಡಬ್ಬಗಳಿಗೆ ಅಂಟು ಹಚ್ಚುವ ಐವರು ಹೆಂಗಸರಲ್ಲಿ ಹಿರಿಯರು. ವಯಸ್ಸು ಅರವತ್ತರ ಮೇಲೆ. ಅವರನ್ನು ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುವುದು. "ಯಜಮಾನ್ರೆ, ಮೊಮ್ಮಗಳ ಇಸ್ಕೂಲು ಸುರುವಾಯ್ತು. ದುಡ್ಡು ಕಟ್ಟು ಅಂತವ್ರೆ. ಹಳೇ ಬಾಕಿ ಒಸಿ..." ಎಂದು ಸೆರಗನ್ನು ಕೈಗೆ ಸುತ್ತಿಕೊಂಡರು. ಬಸ್ಸಿನ ಹೊತ್ತಾಗಿತ್ತು. "ಸೋಮವಾರ ನೋಡೋಣ ದೊಡ್ಡಮ್ಮ" ಎಂದು ಹೇಳಿ ಹೆಜ್ಜೆ ಹಾಕಿದೆ.

ಸಮಾವೇಶ ನಡೆದದ್ದು ಊರ ಹೊರಗಿನ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಚಪ್ಪರದ ಹೂವು ಇನ್ನೂ ಬಾಡಿರಲಿಲ್ಲ. ಗಂಡುಹೆಣ್ಣು ಕುಳಿತಿದ್ದ ಜಾಗದಲ್ಲಿ ಮೈಕು ನಿಂತಿತ್ತು. ಬಾಗಿಲಲ್ಲಿ ಪನ್ನೀರಿನ ಬದಲು ಕೊರಳಿಗೊಂದು ಚೀಟಿ ಹಾಕಿದರು. ಅದರಲ್ಲಿ ನನ್ನ ಹೆಸರು, ಅದರ ಕೆಳಗೆ 'ಪ್ಯಾಕೇಜಿಂಗ್'. ಆ ಮಾತನ್ನು ಓದಿ ನನಗೇ ನನ್ನಲ್ಲಿ ಸ್ವಲ್ಪ ಗೌರವ ಹುಟ್ಟಿತು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆದಮೇಲೆ ಒಳಗೆ ಹೋಗಿ, ಏಳಬೇಕಾದಾಗ ಏಳುವುದಕ್ಕೆ ಅನುಕೂಲವಾಗಲೆಂದು ಕೊನೆಯ ಸಾಲಿನಲ್ಲಿ ಕುಳಿತೆ.

ಮೊದಲು ಮಾತನಾಡಿದ ಹಿರಿಯರು ಚರಿತ್ರೆಯಿಂದ ಆರಂಭಿಸಿದರು. ನಮ್ಮ ಊರಿಗೆ ಇಂಥ ಸಭೆ ಹೊಸದಲ್ಲವಂತೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಆರ್ಥಿಕ ಸಮ್ಮೇಳನ ಹುಟ್ಟಿತು. ಆಗ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಅದರ ಬೆನ್ನೆಲುಬು. ಬೇಸಾಯ, ವಿದ್ಯೆ, ಕೈಗಾರಿಕೆ ಮತ್ತು ವಾಣಿಜ್ಯ ಇವುಗಳಿಗೆ ಬೇರೆ ಬೇರೆ ಸಮಿತಿಗಳಿದ್ದುವು. 1913ರಲ್ಲಿ ಮೈಸೂರು ಬ್ಯಾಂಕು ಬಂದಿತು; 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ನನ್ನ ತಂದೆ ಅದರ ಪಾಸ್‌ಬುಕ್ಕನ್ನು ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದುದು ನೆನಪಿಗೆ ಬಂದು, ಭಾಷಣದಲ್ಲಿ ನನಗೆ ಒಂದಿಷ್ಟು ನೆಂಟಸ್ತನ ಕಂಡಿತು.

ಎರಡನೆಯವರು ನಮ್ಮ ಅಳತೆ ತೆಗೆದರು. ಸರ್ಕಾರದ ಲೆಕ್ಕದಲ್ಲಿ ಉದ್ಯಮಗಳು ಸೂಕ್ಷ್ಮ, ಸಣ್ಣ, ಮಧ್ಯಮ ಎಂದು ಮೂರು ಬಗೆ. 2025ರ ಏಪ್ರಿಲ್ ಒಂದರಿಂದ ಎರಡೂವರೆ ಕೋಟಿಯವರೆಗೆ ಯಂತ್ರೋಪಕರಣಗಳಿಗೆ ಬಂಡವಾಳ ಹಾಕಿ, ವರ್ಷಕ್ಕೆ ಹತ್ತು ಕೋಟಿಯವರೆಗೆ ವಹಿವಾಟು ಮಾಡುವವನು ಸೂಕ್ಷ್ಮ. ಹತ್ತು ಕೋಟಿಯವನೇ ಸೂಕ್ಷ್ಮನಾದರೆ ನನ್ನನ್ನು ಯಾವ ಭೂತಗನ್ನಡಿಯಲ್ಲಿ ನೋಡಬೇಕೋ! ಪಕ್ಕದಲ್ಲಿದ್ದ ಅಗರಬತ್ತಿಯವರಿಗೆ ಇದನ್ನೇ ಪಿಸುಗುಟ್ಟಿದೆ. ಅವರು, "ಬಿಡಿ ಸ್ವಾಮಿ, ಆನೆಯೂ ಇರುವೆಯೂ ಒಂದೇ ಪಂಕ್ತಿಯಲ್ಲಿ ಕೂತಿದ್ದೀವಿ. ಬಡಿಸೋವಾಗ ನೋಡೋಣ" ಎಂದರು.

ಬಡಿಸುವುದಕ್ಕೆಂದು ಪಕ್ಕದ ಹಜಾರದಲ್ಲಿ ಮೇಜುಗಳನ್ನು ಹಾಕಿದ್ದರು. ಜಿಲ್ಲಾ ಕೈಗಾರಿಕಾ ಕೇಂದ್ರದವರದೊಂದು, ಬ್ಯಾಂಕುಗಳವು ನಾಲ್ಕು, ಖಾದಿ ಆಯೋಗದ ಯೋಜನೆಗಳದೊಂದು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹೊಸದಾಗಿ ಕಸುಬು ಹಿಡಿಯುವವರ ಸಾಲಕ್ಕೆ ಸಹಾಯಧನ ಸಿಗುತ್ತದೆಂದೂ, 2000ದಲ್ಲಿ ಸ್ಥಾಪಿಸಿದ ಸಾಲಖಾತರಿ ನಿಧಿಯಿಂದಾಗಿ ಮನೆಯ ಪತ್ರ ಅಡವಿಡದೆಯೂ ಬ್ಯಾಂಕು ಸಾಲ ಕೊಡಬಹುದೆಂದೂ ಅಲ್ಲಿ ಕುಳಿತಿದ್ದ ಹುಡುಗರು ಬಿಡಿಸಿ ಹೇಳಿದರು. ನಾನು ಎಲ್ಲ ಮೇಜಿನಿಂದಲೂ ಕಾಗದ ಪಡೆದು ಚೀಲ ತುಂಬಿದೆ. ಆದರೆ ನನಗೆ ಬೇಕಾದುದು ಹೊಸ ಸಾಲವಲ್ಲವಲ್ಲ! ಕೊಟ್ಟ ಸಾಲ ಹಿಂದಿರುಗಿ ಬರುವ ದಾರಿ.

ಅದನ್ನು ಹೇಳಿದವರು ಮೂರನೆಯ ಭಾಷಣಕಾರರು; ನಡುವಯಸ್ಸಿನ ಒಬ್ಬ ಲೆಕ್ಕ ಪರಿಶೋಧಕಿ. ಭಾಷಣದಂತೆ ಹೇಳದೆ, ಅಡುಗೆಮನೆಯಲ್ಲಿ ನಿಂತು ಸೊಸೆಗೆ ಸಾರಿನ ಪುಡಿಯ ಅಳತೆ ಹೇಳಿದ ಹಾಗೆ ಹೇಳಿದರು. "ನಿಮ್ಮಲ್ಲಿ ಎಷ್ಟು ಜನರ ಹಣ ಆರು ತಿಂಗಳಿಗಿಂತ ಹೆಚ್ಚು ದಿನದಿಂದ ಬರಬೇಕಾಗಿದೆ? ಕೈ ಎತ್ತಿ" ಎಂದರು. ನಾನೊಬ್ಬನೇ ಎಂದುಕೊಂಡಿದ್ದೆ; ನೋಡಿದರೆ ಸಭೆಯ ಅರ್ಧ ಭಾಗ ಕೈ ಎತ್ತಿದೆ. ಅಗರಬತ್ತಿಯವರು ಎರಡೂ ಕೈ ಎತ್ತಿದ್ದರು.

ಆಕೆ ಹೇಳಿದ ಸಾರಾಂಶ ಇದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನಮ್ಮಂಥ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಕೊಂಡವನು ಬರಹದಲ್ಲಿ ಒಪ್ಪಂದವಿದ್ದರೆ ಆ ಅವಧಿಯೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಏನೇ ಬರೆದಿರಲಿ, ಅವಧಿ 45 ದಿನ ಮೀರಕೂಡದು. ಬರಹವಿಲ್ಲದಿದ್ದರೆ 15 ದಿನ. ಸರಕು ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಕರಾರು ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕು ಗೊತ್ತುಮಾಡಿದ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳು ತಿಂಗಳೂ ಚಕ್ರಬಡ್ಡಿ. ಕೊಡದವನ ಮೇಲೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಮಂಡಳಿಯ ತೀರ್ಪನ್ನು ಕೊಂಡವನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ತೀರ್ಪಿನ ಹಣದಲ್ಲಿ ನೂರಕ್ಕೆ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಇದು ಸಾಲದೆಂದು 2023ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ಬಿಗಿ ತಂದರು: ಅವಧಿಯೊಳಗೆ ಕೊಡದ ಹಣವನ್ನು ಕೊಂಡವನು ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ನಿಜವಾಗಿ ಕೊಟ್ಟ ವರ್ಷದಲ್ಲಿಯೇ ಖರ್ಚೆಂದು ತೋರಿಸಬೇಕು, ಅದಕ್ಕೆ ಮೊದಲು ತೋರಿಸುವಂತಿಲ್ಲ. ಇಷ್ಟಕ್ಕೆಲ್ಲ ಮಾರಿದವನು ಮೊದಲೇ 'ಉದ್ಯಮ್' ನೋಂದಣಿ ಮಾಡಿಸಿರುವುದು ಕ್ಷೇಮ.

ನನಗೆ ಥಟ್ಟನೆ ನೆನಪಾಯಿತು. ಆ ನೋಂದಣಿ ನನ್ನಲ್ಲಿದೆ! 2020ರ ಜುಲೈನಲ್ಲಿ ಆ ಪದ್ಧತಿ ಬಂದಮೇಲೆ, ಬ್ಯಾಂಕಿನವರು ಕೇಳಿದರೆಂದು ಮಗಳು ಮಾಡಿಸಿಕೊಟ್ಟಿದ್ದಳು. ಖರ್ಚಿಲ್ಲದೆ ಬಂದ ಕಾಗದವಾದರೂ ಮುದ್ರೆ ಚೆನ್ನಾಗಿದೆಯೆಂದು ನನ್ನ ಹೆಂಡತಿ ಕಟ್ಟುಹಾಕಿಸಿ ಲಕ್ಷ್ಮಿಯ ಪಟದ ಕೆಳಗೆ ತೂಗುಹಾಕಿದ್ದಾಳೆ. ಇಷ್ಟು ವರ್ಷ ಅದಕ್ಕೂ ಊದುಕಡ್ಡಿಯ ಹೊಗೆ ತಾಗುತ್ತಿತ್ತೇ ಹೊರತು ಅದರಿಂದ ಏನು ಪ್ರಯೋಜನವೆಂದು ನಾನು ಕೇಳಿರಲಿಲ್ಲ.

ದೂರು ಕೊಡುವುದಕ್ಕೆ 2017ರಲ್ಲಿ ಅಂತರ್ಜಾಲದಲ್ಲಿ ತೆರೆದ ಬಾಗಿಲಿಗೆ 'ಸಮಾಧಾನ್' ಎಂದು ಹೆಸರಿಟ್ಟರೆಂದು ಆಕೆ ಹೇಳಿದಾಗ ಸಭೆಯಲ್ಲಿ ನಗು ಎದ್ದಿತು. ಹಿಂದಿಯಲ್ಲಿ ಆ ಮಾತಿಗೆ ಪರಿಹಾರವೆಂದು ಅರ್ಥವಂತೆ. ಕನ್ನಡಿಗರಿಗೆ ಸಮಾಧಾನ ಯಾರೂ ಹೇಳಿಕೊಡಬೇಕಾದುದಿಲ್ಲ. ಗುಮಾಸ್ತರು ನನಗೆ ತಿಂಗಳುಗಟ್ಟಲೆ ಕೊಟ್ಟದ್ದು ಅದನ್ನೇ, ಕಾಫಿಯ ಸಮೇತ.

ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ, ಹೇಗೆ ಧೈರ್ಯ ಬಂದಿತೋ, ನಾನು ಎದ್ದು ನಿಂತೆ. "ಅಮ್ಮಾ, ದೂರು ಕೊಟ್ಟರೆ ಹಣ ಬರಬಹುದು. ಮುಂದಿನ ಆರ್ಡರು?" ಎಂದೆ.

ಆಕೆ ತುಸು ಹೊತ್ತು ಸುಮ್ಮನಿದ್ದು, "ಕಾನೂನು ನಿಮ್ಮ ಹಣ ಕೊಡಿಸುತ್ತೆ, ಗಿರಾಕಿಯನ್ನು ಕೊಡಿಸೋದಿಲ್ಲ. ಸುಳ್ಳು ಭರವಸೆ ನಾನು ಹೇಳೋದಿಲ್ಲ. ಮೊದಲು ಬಿಲ್ಲುಗಳ ಪಟ್ಟಿ, ಸರಕು ಮುಟ್ಟಿದ ತಾರೀಖು, ನಿಮ್ಮ ನೋಂದಣಿ ಸಂಖ್ಯೆ ಹಾಕಿ ಮರ್ಯಾದೆಯಾಗಿ ಒಂದು ಕಾಗದ ಬರೆಯಿರಿ. ಎಷ್ಟೋ ಕಡೆ ಅಷ್ಟಕ್ಕೇ ಬಾಗಿಲು ತೆರೆಯುತ್ತೆ. ತೆರೆಯದಿದ್ದರೆ ಏನು ಮಾಡಬೇಕು ಅನ್ನೋದು ನಿಮಗೇ ಬಿಟ್ಟದ್ದು" ಎಂದರು. ಆ ಉತ್ತರ ನನಗೆ ಹಿಡಿಸಿತು. ಕೈಲಾಗದುದನ್ನು ಕೈಲಾಗದೆಂದು ವೇದಿಕೆಯ ಮೇಲಿಂದ ಹೇಳುವವರು ಅಪರೂಪ.

ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ನಂಜನಗೂಡಿನ ಕಡೆಯ ಒಬ್ಬ ಹೆಣ್ಣುಮಗಳು. ಚಟ್ನಿಪುಡಿ, ಸಾಂಬಾರು ಪುಡಿ ಮಾಡಿ ಮಾರುವವರು. "ಅಣ್ಣಾ, ನಿಮ್ಮ ಪ್ರಶ್ನೆ ಕೇಳಿದೆ. ನಾನೂ ಮೊದಲು ಒಂದೇ ಅಂಗಡಿ ನೆಚ್ಚಿಕೊಂಡಿದ್ದೆ. ಅವರು ಹೋದ ವರ್ಷ ಕೈಬಿಟ್ಟರು. ಈಗ ಹದಿನಾಲ್ಕು ಅಂಗಡಿಗೆ ಸ್ವಲ್ಪ ಸ್ವಲ್ಪ ಹಾಕ್ತೀನಿ. ಓಡಾಟ ಜಾಸ್ತಿ, ನಿದ್ದೆಯೂ ಜಾಸ್ತಿ" ಎಂದರು. ಸಮಾವೇಶದ ಕರಪತ್ರದಲ್ಲಿ 'ಪರಸ್ಪರ ಸಂಪರ್ಕ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದುದು ಬಹುಶಃ ಇದನ್ನೇ. ನಮ್ಮ ಹಿರಿಯರು ಸಂತೆಯಲ್ಲಿ ಎಲೆ‌ಅಡಿಕೆ ಹಾಕಿಕೊಳ್ಳುತ್ತ ಮಾಡುತ್ತಿದ್ದ ಕೆಲಸವನ್ನು ನಾವು ಅನ್ನ ಸಾರಿನ ತಟ್ಟೆ ಹಿಡಿದುಕೊಂಡು ಮಾಡಿದೆವು. ಅವರು ನನ್ನ ಫೋನಿನ ಸಂಖ್ಯೆ ಬರೆದುಕೊಂಡು, "ಪುಡಿಗೂ ಡಬ್ಬ ಮಾಡಿಕೊಡ್ತೀರಾ?" ಎಂದು ಕೇಳಿದರು. ಮಾಡುತ್ತೇನೆಂದೆ.

ಇಲ್ಲಿಗೆ ಸಮಾವೇಶ ಮುಗಿದಿದ್ದರೆ ನಾನು ಗೆದ್ದವನ ಹಾಗೆ ಮನೆಗೆ ಬರುತ್ತಿದ್ದೆ. ಆದರೆ ಹೊರಡುವಾಗ ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ಮಿಠಾಯಿಯ ಡಬ್ಬ ಕೊಟ್ಟರು. ಕೈಗೆ ಬಂದೊಡನೆಯೇ ತೂಕದಿಂದಲ್ಲ, ಮೂಲೆಯಿಂದ ಗುರುತು ಹಿಡಿದೆ. ನನ್ನದೇ ಡಬ್ಬ! ವ್ಯವಸ್ಥಾಪಕರು ಮಿಠಾಯಿ ತರಿಸಿದ್ದು ಅದೇ ಅಂಗಡಿಯಿಂದ. ನನಗೆ ಹಣ ಬಾರದ ಡಬ್ಬ, ಸಣ್ಣ ಉದ್ಯಮದಾರರ ಸಮಾವೇಶದ ನೆನಪಿನ ಕಾಣಿಕೆಯಾಗಿ ನನಗೇ ಬಂದಿತ್ತು. ಅಗರಬತ್ತಿಯವರಿಗೆ ಹೇಳಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ಬಸ್ಸಿನಲ್ಲಿ ಕುಳಿತು ಡಬ್ಬವನ್ನು ತಿರುಗಿಸಿ ನೋಡಿದೆ. ಮುಚ್ಚಳದ ಒಳಮೂಲೆಯಲ್ಲಿ ಅಂಟಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಇತ್ತು. ಐವರಲ್ಲಿ ಹಾಗೆ ಒತ್ತುವವರು ದೊಡ್ಡಮ್ಮ ಒಬ್ಬರೇ. ಮೂಲೆ ಬಿಡಬಾರದೆಂದು ಎರಡು ಸಲ ಒತ್ತುತ್ತಾರೆ. ನಗು ಅಲ್ಲಿಗೇ ನಿಂತಿತು. ಬೆಳಗ್ಗೆ ಅವರಿಗೆ ನಾನು ಹೇಳಿದ ಮಾತು ಕಿವಿಯಲ್ಲಿ ಕೇಳಿಸಿತು: "ಸೋಮವಾರ ನೋಡೋಣ." ಗುಮಾಸ್ತರ ಮಾತು, ಅಕ್ಷರ ಅಕ್ಷರವೂ. ಅವರಾದರೋ ಕಾಫಿ ಕೊಟ್ಟು ಹೇಳುತ್ತಿದ್ದರು. ನಾನು ಗೇಟಿನಲ್ಲಿ ನಿಲ್ಲಿಸಿ ಹೇಳಿದ್ದೆ.

ಲೆಕ್ಕ ಹಾಕಿದೆ. ನೂರು ಡಬ್ಬಕ್ಕೆ ಅರವತ್ತು ರೂಪಾಯಿಯಂತೆ ಆ ಐವರಿಗೆ ಆರು ವಾರದ ಕೂಲಿ ನಾನು ಕೊಡಬೇಕಾಗಿತ್ತು. ಒಟ್ಟು 26,400 ರೂಪಾಯಿ. ರಟ್ಟಿನ ವ್ಯಾಪಾರಿಗೆ ನಗದು ಕೊಡದಿದ್ದರೆ ರಟ್ಟು ಬರುವುದಿಲ್ಲ, ಪ್ರೆಸ್ಸಿನವರಿಗೆ ಕೊಡದಿದ್ದರೆ ಅಚ್ಚು ಆಗುವುದಿಲ್ಲ, ವಿದ್ಯುತ್ತಿನವರಿಗೆ ಕೊಡದಿದ್ದರೆ ದೀಪ ಆರುತ್ತದೆ. ಕೊಡದಿದ್ದರೂ ಮರುದಿನ ಬೆಳಗ್ಗೆ ಬಂದು ಕುಳಿತುಕೊಳ್ಳುವವರು ಈ ಐವರೇ. ಆದುದರಿಂದ ತಡವೆಲ್ಲ ಅವರ ಪಾಲಿಗೆ ಹೋಗಿತ್ತು. ನನಗಾಗಿ 2006ರ ಕಾಯ್ದೆಯಿದೆ, ಚಕ್ರಬಡ್ಡಿಯಿದೆ, ಮಂಡಳಿಯಿದೆ. ಅವರಿಗೆ ಇದ್ದದ್ದು ನನ್ನ ಹೆಂಡತಿ ಪೆನ್ಸಿಲಿನಲ್ಲಿ ಲೆಕ್ಕ ಬರೆದಿಡುವ ಒಂದು ನೋಟುಪುಸ್ತಕ ಮಾತ್ರ. ದೊಡ್ಡವರು ನನಗೆ ಮಾಡಿದ್ದನ್ನು ನಾನು ಕೆಳಗಿನ ಮೆಟ್ಟಿಲಿಗೆ ದಾಟಿಸಿದ್ದೆ, ಅಷ್ಟೆ. ಬೇರೆ ಹಣ ನನ್ನಲ್ಲಿ ಇರಲೇ ಇಲ್ಲವೆಂದರೆ ಅದೂ ಸುಳ್ಳು. ಪಂಚಿಂಗ್ ಯಂತ್ರದ ರಿಪೇರಿಗೆಂದು ಮೂವತ್ತು ಸಾವಿರ ಎತ್ತಿಟ್ಟಿದ್ದೆ. ಯಂತ್ರ ಕೆಟ್ಟರೆ ಕೆಲಸ ನಿಲ್ಲುತ್ತದೆ, ಮನುಷ್ಯರಾದರೆ ಕಾಯುತ್ತಾರೆ. ಇದೇ ಅಲ್ಲವೆ ನಾನು ಮನಸ್ಸಿನೊಳಗೆ ಮಾಡಿದ್ದ ಲೆಕ್ಕ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಾತನಾಡದೆ ನೋಟುಪುಸ್ತಕ ತಂದು ಮುಂದಿಟ್ಟಳು. ಆಮೇಲೆ, "ಮೂರು ಸಲ ನಿಮಗೆ ಹೇಳಿದೆ. ನೀವು ಕೇಳಿಸಿಕೊಂಡಿರಲಿಲ್ಲ" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಣ ಎತ್ತಿಕೊಂಡು ಬಂದು, ದೀಪ ಹಚ್ಚುವ ಹೊತ್ತಿಗೆ ಐವರನ್ನೂ ಕರೆಸಿ ಪೂರ್ತಿ ಕೊಟ್ಟೆವು. ದೊಡ್ಡಮ್ಮ ನೋಟುಗಳನ್ನು ಎರಡು ಸಲ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಸೋಮವಾರ ಅಂದಿದ್ರಿ" ಎಂದರು. ಕೊಂಕು ಇರಲಿಲ್ಲ, ಸುಮ್ಮನೆ ಆಶ್ಚರ್ಯ. ಕೊಂಕಾಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸೋಮವಾರ ನಾನು ಅಂಗಡಿಗೆ ಹೋಗಲಿಲ್ಲ. ಲೆಕ್ಕ ಪರಿಶೋಧಕಿ ಹೇಳಿದಂತೆ ಬಿಲ್ಲುಗಳ ಪಟ್ಟಿ, ತಾರೀಖು, ನೋಂದಣಿಯ ಸಂಖ್ಯೆ ಎಲ್ಲ ಬರೆದು, ಕಾಯ್ದೆಯ ಹೆಸರನ್ನು ಒಂದೇ ಸಲ ಹೇಳಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಕಳಿಸಿದೆ. ಮೂರನೆಯ ವಾರ ಗುಮಾಸ್ತರ ಫೋನು ಬಂದಿತು. "ಏನ್ರೀ, ಕಾನೂನೆಲ್ಲ ಕಲಿತುಬಿಟ್ಟಿರಿ? ನಮ್ಮಲ್ಲಿ ನಂಬಿಕೆ ಇಲ್ಲವೆ?" ಎಂದರು. ನಂಬಿಕೆ ಇದೆಯೆಂದೂ, ಹಣ ಬಂದರೆ ಇನ್ನೂ ಬಲವಾಗುತ್ತದೆಂದೂ ಹೇಳಿದೆ. ಮರುದಿನ ಅರ್ಧ ಹಣ ಖಾತೆಗೆ ಬಂದಿತು. ಉಳಿದರ್ಧ ಇನ್ನೂ ಬರಬೇಕು. ವರಮಹಾಲಕ್ಷ್ಮಿ ಹಬ್ಬದ ಆರ್ಡರು ಈ ಸಲ ನನಗೆ ಬರಲಿಲ್ಲ. ಉಳಿದ ಹಣಕ್ಕೆ ಮಂಡಳಿಯ ಬಾಗಿಲು ತಟ್ಟುವುದೆಂದು ನಿಶ್ಚಯಿಸಿ, ಮಗಳ ಹತ್ತಿರ ಕಾಗದಪತ್ರ ಸಿದ್ಧಮಾಡಿಸುತ್ತಿದ್ದೇನೆ. ರಾತ್ರಿ ಒಮ್ಮೊಮ್ಮೆ ಭಯವಾಗುವುದುಂಟು. ನಂಜನಗೂಡಿನ ಹೆಣ್ಣುಮಗಳು ಸಾವಿರ ಡಬ್ಬ ಹೇಳಿ ಅರ್ಧ ಹಣ ಮುಂಗಡ ಕಳಿಸಿದ್ದಾರೆ. ಮೂವತ್ತು ಸಾವಿರ ಎಲ್ಲಿ, ಸಾವಿರ ಎಲ್ಲಿ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಹದಿಮೂರು ಅಂಗಡಿ ಇನ್ನೂ ಹುಡುಕಬೇಕು.

ನನ್ನ ಹೆಂಡತಿ ಮಾತ್ರ ಯಾವ ಸಮಾವೇಶಕ್ಕೂ ಹೋಗದೆ ತಾನೇ ಒಂದು ಕಾಯ್ದೆ ಮಾಡಿದ್ದಾಳೆ. ನೋಟುಪುಸ್ತಕದಲ್ಲಿ ಪ್ರತಿ ಹದಿನೈದು ದಿನಕ್ಕೊಂದು ಅಡ್ಡಗೆರೆ. ಆ ದಿನ ಐವರ ಕೂಲಿ ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಪೆನ್ಸಿಲು ಹೋಗಿ ಈಗ ಪೆನ್ನು ಬಂದಿದೆ. ಮೊನ್ನೆ ದೊಡ್ಡಮ್ಮ ಅಂಟು ಹಚ್ಚುತ್ತ, "ಆವತ್ತು ಅಷ್ಟು ದೂರ ಓದ್ರಲ್ಲ ಯಜಮಾನ್ರೆ, ಅಲ್ಲಿ ಏನೇಳ್ಕೊಟ್ರು?" ಎಂದು ಕೇಳಿದರು. ಕೊಟ್ಟ ಮಾಲಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡಬೇಕು ಎಂದು ಹೇಳಿಕೊಟ್ಟರೆಂದೆ.

"ಅದೇನು ಓದಿದವ್ರಿಗೆ ತಿಳೀದಾ?" ಎಂದು ಹೇಳಿ, ಮುಂದಿನ ಡಬ್ಬ ಎತ್ತಿಕೊಂಡು ಮೂಲೆಯನ್ನು ಎರಡು ಸಲ ಒತ್ತಿದರು.